ಅಬ್ದುಲಗನಿ ಮತ್ತೆ ಕಾಲೇಜಿಗೆ ಬಂದದ್ದು

ಧಾರವಾಡದ ಕೆಂಪು ಮಣ್ಣಿನ ರಸ್ತೆಗಳಲ್ಲಿ ಟಾಂಗಾ ಓಡುತ್ತಿದ್ದ ಕಾಲ. 1938ನೆಯ ಇಸವಿ. ಕಾಲೇಜು ಓದುತ್ತಿದ್ದ ಅಬ್ದುಲಗನಿ, ಮಹಾಂತಯ್ಯ ಮತ್ತು ನಾನು ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಸಂಜೆಯಾದರೆ ಚುರುಮರಿ ಪೊಟ್ಟಣ ಹಿಡಿದು ಮೂವರೂ ತಿರುಗಾಡಲು ಹೊರಡುತ್ತಿದ್ದೆವು. ಅಂಥ ಸಂಜೆಗಳನ್ನು ನಾನು ಮತ್ತೆ ಕಾಣಲಿಲ್ಲ.

ಅಬ್ದುಲಗನಿ ಹುಬ್ಬಳ್ಳಿಯವನು. ತಂದೆ ಕಾಸಿಮಸಾಬರು ಅಲ್ಲಿ ಟಾಂಗಾ ರಿಪೇರಿ ಅಂಗಡಿ ಇಟ್ಟಿದ್ದರು. ಮುಖ ನೋಡಿಯೇ ಎದುರಿನವರ ಮನಸ್ಸು ತಿಳಿಯುವ ಗುಣ ಅವನದು. ಊರಿಂದ ನನಗೆ ಕೆಟ್ಟ ಸುದ್ದಿ ಬಂದಾಗ, ನಾನು ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ಬಂದು ಕೂತಿದ್ದ.

ಆ ಗುಣವೇ ಅವನಿಗೆ ಭಾರವಾಯಿತು. ಒಮ್ಮೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುವಾಗ ತಡವರಿಸಿದ. ಹುಡುಗರು ನಕ್ಕರು, ಸಂಜೆಗೆ ಮರೆತರು. ಅವನು ಮರೆಯಲಿಲ್ಲ. ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕಂತೆ ಅನಿಸತೊಡಗಿತು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬರಬರುತ್ತ ಹಾಸಿಗೆ ಬಿಟ್ಟು ಏಳುವುದೇ ನಿಂತಿತು.

ಒಂದು ಮುಂಜಾನೆ ಗೋಡೆಯ ಕಡೆ ಮುಖ ಮಾಡಿ, "ನಾ ಇಲ್ಲಂದ್ರ ಎಲ್ಲಾರಿಗೂ ಹಗರ ಆಗತೈತಿ" ಅಂದ.

ಮಹಾಂತಯ್ಯ ಹತ್ತಿರ ಕೂತು ನೇರವಾಗಿ ಕೇಳಿದ. "ಸಾಯಬೇಕು ಅನಸಾಕತ್ತೈತೇನು?"

ಅಬ್ದುಲಗನಿ ಹೌದೆಂದು ತಲೆಯಾಡಿಸಿದ.

"ಹೇಳಿದ್ದು ಛಲೋ ಆತು. ನಮ್ಮ ಅಕ್ಕಗೂ ಹಿಂಗ ಆಗಿತ್ತು. ಹುಬ್ಬಳ್ಯಾಗ ಡಾಕ್ಟರಿಗೆ ತೋರಿಸಿದ ಮ್ಯಾಲೆ ಆರಾಮಾದ್ಲು. ನಡಿ, ನಾವೂ ಬರ್ತೇವಿ."

ಅಂದೇ ರೈಲು ಹತ್ತಿದೆವು. ಹುಬ್ಬಳ್ಳಿ ಮುಟ್ಟುವವರೆಗೂ ಮಹಾಂತಯ್ಯ ಅವನ ಕೈ ಬಿಡಲಿಲ್ಲ.

ಮನೆ ಮುಟ್ಟಿ ಡಾಕ್ಟರ ಮಾತೆತ್ತಿದರೆ ಕಾಸಿಮಸಾಬರು ಒಪ್ಪಲಿಲ್ಲ. "ಜ್ವರ ಇಲ್ಲ, ಗಾಯ ಇಲ್ಲ. ಇದೆಂಥಾ ಜಡ್ಡು? ಓದಾಕ ಬ್ಯಾಸರಾಗೇತಿ, ಅಷ್ಟ."

"ಕಾಕಾ, ಬ್ಯಾಸರ ಆದ್ರ ನಾಕು ದಿನಕ್ಕ ಹೋಗತೈತ್ರಿ," ಅಂದ ಮಹಾಂತಯ್ಯ. "ಇದು ವಾರಗಟ್ಟಲೆ ಆತು, ಇವಗ ಉಣ್ಣಾಕ ಬಿಡವಲ್ದು, ಮಲಗಾಕ ಬಿಡವಲ್ದು. ಮನಸಿಗೂ ಜಡ್ಡು ಬರತೈತ್ರಿ."

"ಗಂಡಸು ಧೈರ್ಯಾ ತಗೋಬೇಕು."

ಬಾಗಿಲಲ್ಲಿ ನಿಂತಿದ್ದ ತಾಯಿ ಮಾಬೂಬಿ ಗಂಡನನ್ನು ಕೇಳಿದರು. "ನಿಮ್ಮ ತಮ್ಮ ತೀರಿಕೊಂಡಾಗ ನೀವು ಎಷ್ಟು ದಿನ ಅಂಗಡಿ ಬಾಗಲಾ ತಗೀಲಿಲ್ಲ? ಆವಾಗ ನಿಮಗ ಧೈರ್ಯಾ ಇರಲಿಲ್ಲೇನ್ರಿ?"

ಕಾಸಿಮಸಾಬರು ಮಗನ ಪಕ್ಕದಲ್ಲಿ ಕೂತು ತಲೆಯ ಮೇಲೆ ಕೈಯಿಟ್ಟರು.

"ನನಗೂ ಹಿಂಗ ಅನಸ್ತಿತ್ತಪಾ. ನಾ ಯಾರಿಗೂ ಹೇಳಲಿಲ್ಲ. ನೀ ಹೇಳಿದಿ. ನೀ ನನಗಿಂತ ಗಟ್ಟಿ ಅದಿ."

ಅಬ್ದುಲಗನಿ ಆಗ ಅತ್ತ.

ಅಂದು ಸಂಜೆಯೇ ಡಾಕ್ಟರ ಬಳಿ ಹೋದೆವು. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ ತಂದೆಗೆ ಹೇಳಿದರು. "ಮಂದೀ ಮನಸು ಅರಿಯೂದು ಕೊರತಿ ಅಲ್ರಿ. ಆದ್ರ ತನ್ನ ಮನಸಿನ ಮಾತು ಹೇಳಾಕೂ ಅವಗ ಒಬ್ಬರು ಬೇಕು. ಸದ್ಯ ಒಬ್ಬಾವನ್ನ ಬಿಡಬ್ಯಾಡ್ರಿ. ವಾರಕ್ಕೊಮ್ಮೆ ಕರಕೊಂಡು ಬರ್ರಿ."

ಅವನು ಮನೆಯಲ್ಲೇ ಉಳಿದ; ಗುಣವಾಗಲು ಸಮಯ ಹಿಡಿಯಿತು. ಒಂದು ದಿನ ಎದ್ದು ಅಂಗಡಿಯಲ್ಲಿ ಕೂತರೆ, ಮರುದಿನ ಮತ್ತೆ ಹಾಸಿಗೆ. ಕಾಸಿಮಸಾಬರು ಒಂದು ವಾರವೂ ತಪ್ಪಿಸದೆ ಡಾಕ್ಟರ ಬಳಿ ಕರೆದೊಯ್ದರು. ಚಳಿಗಾಲ ಮುಗಿಯುವ ಹೊತ್ತಿಗೆ ಅವನು ನಮ್ಮ ಕೋಣೆಗೂ ಕಾಲೇಜಿಗೂ ಮರಳಿದ. ಒಂದು ದಿನ, ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಮಹಾಂತಯ್ಯನ ಜೊತೆ ಜಗಳ ತೆಗೆದ. ಆ ಜಗಳ ಕೇಳಿ ನನಗಾದ ಸಂತೋಷ ಹೇಳತೀರದು.

ಓದುವವರೇ, ನಿಮ್ಮ ಮನೆಯ ಅಥವಾ ಹಾಸ್ಟೆಲಿನ ಮಕ್ಕಳು ಮಂಕಾಗಿ, ಊಟ ನಿದ್ದೆ ಬಿಟ್ಟು ಕೂತರೆ ಸೋಮಾರಿಗಳೆನ್ನಬೇಡಿ. ಹತ್ತಿರ ಕೂತು ಕೇಳಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಅಂದೇ ಡಾಕ್ಟರ ಬಳಿ ಕರೆದೊಯ್ಯಿರಿ. ನಿಮಗೇ ಹಾಗನಿಸುತ್ತಿದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮವರೊಬ್ಬರಿಗೆ ಹೇಳಿ.