ಎಡ ಅಂಚಿನ ಮೇಕೆ

ಸಿನಿಮಾ ಎಂದರೆ ಊಟ, ನಿದ್ದೆ ಎರಡನ್ನೂ ಮರೆಯುವ ಜೀವ ಅದು. ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದ. ಮೊದಲ ಮಗು ಹತ್ತಿದಲ್ಲಿಂದ ಶಾಲೆಯ ಗೇಟಿನವರೆಗೆ ಯಾವುದಾದರೂ ಒಂದು ಪಿಕ್ಚರಿನ ಕತೆ ನಡೆಯುತ್ತಲೇ ಇರಬೇಕು. ಕುದುರೆ ಓಟದ ಸದ್ದು, ಹಳೇ ಬಾಗಿಲು ಕಿರುಗುಟ್ಟುವ ಸದ್ದು, ಖಳನಾಯಕನ ನಗು ಎಲ್ಲ ಅವನ ಬಾಯಿಂದಲೇ. ಮಕ್ಕಳು ಅವನಿಗೆ ‘ಪಿಕ್ಚರ್ ಮಾಮ’ ಎಂದು ಹೆಸರಿಟ್ಟರು. ಆಮೇಲೆ ಮಕ್ಕಳ ತಾಯಂದಿರೂ ಹಾಗೇ ಕರೆದರು, ಕೊನೆಗೆ ಬೀದಿಗೆ ಬೀದಿಯೇ ಕರೆಯತೊಡಗಿತು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಅವಳು ಬೀದಿಯವರಿಗೆ ಟೈಲರಮ್ಮ.

ವರ್ಷದ ಕೊನೆಯ ರಜೆ ಹತ್ತಿರ ಬಂದಿತ್ತು. ಗಂಡನಿಗೆ ಈ ಸಲ ಒಂದು ಒಳ್ಳೆಯ ಉಡುಗೊರೆ ಕೊಡಬೇಕೆಂದು ಟೈಲರಮ್ಮ ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಸಿನಿಮಾ ಹುಚ್ಚಿನವನಿಗೆ ಏನು ಕೊಡುವುದು? ಮಗಳು ಪುಟ್ಟಿಯನ್ನು ಕರೆದುಕೊಂಡು ಅಂಗಡಿ ಅಂಗಡಿ ಸುತ್ತಿದಳು. ಒಂದು ಕಡೆ ಕ್ಯಾಮೆರಾ ಆಕಾರದ ದೀಪ ತೋರಿಸಿದರು. ಇನ್ನೊಂದು ಕಡೆ ನಾಯಕನ ಮುಖ ಅಚ್ಚು ಹಾಕಿಸಿದ ಲೋಟ. ಆ ಮುಖ ನೋಡಿದರೆ ಕಾಫಿ ಕುಡಿಯುವ ಆಸೆಯೇ ಹೋಗುವಂತಿತ್ತು. ಪುಟ್ಟಿ ಜೋಳ ಅರಳಿಸುವ ಮೆಷಿನ್ನಿಗೆ ಗಂಟು ಬಿದ್ದಳು, ಅದು ಅಪ್ಪನಿಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿತ್ತು. ಕೊನೆಗೆ ದಾರಿ ತೋರಿಸಿದವನು ಟೈಲರಮ್ಮನ ತಮ್ಮ. ಗೋಡೆಯ ಮೇಲೆ ಚಿತ್ರ ಬಿಡುವ ಚಿಕ್ಕ ಪ್ರೊಜೆಕ್ಟರ್ ಬಂದಿದೆ, ಮನೆಯೇ ಟಾಕೀಸು ಆಗುತ್ತದೆ, ಭಾವ ಕುಣಿದಾಡಿಬಿಡುತ್ತಾರೆ ಎಂದ. ಹಾಗೇ ಆಯಿತು. ಪೆಟ್ಟಿಗೆ ಬಿಚ್ಚಿದ ಪಿಕ್ಚರ್ ಮಾಮ ಅದನ್ನು ಹಸುಗೂಸನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ.

ಅಂದು ಸಂಜೆಯೇ ನಡುಮನೆಯ ಗೋಡೆ ಖಾಲಿ ಮಾಡಿದರು. ಕ್ಯಾಲೆಂಡರು, ಗಡಿಯಾರ, ಪುಟ್ಟಿ ಬರೆದ ಆನೆ ಎಲ್ಲ ಇಳಿದವು. ಬಿಳಿ ಹಾಸಿಗೆ ವಸ್ತ್ರವನ್ನು ಟೈಲರಮ್ಮ ಮಡಿಕೆಯಿಲ್ಲದಂತೆ ಇಸ್ತ್ರಿ ಮಾಡಿ, ಈ ಮೂಲೆಯಿಂದ ಆ ಮೂಲೆಯವರೆಗೆ ಬಿಗಿದಳು. ಕೋಣೆ ಚಿಕ್ಕದು, ಚಿತ್ರ ದೊಡ್ಡದು. ಟೈಲರಮ್ಮನ ತಮ್ಮನೂ ಸೇರಿ ಎಲ್ಲರೂ ಚಾಪೆಯ ಮೇಲೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತರು. ನಡುವೆ ಪಿಕ್ಚರ್ ಮಾಮ.

ಹಾಕಿದ್ದು ಒಂದು ಹಳೆಯ ನಗೆಚಿತ್ರ. ಒಬ್ಬ ದಪ್ಪ ಪೊಲೀಸಿನವನು ಮೇಜಿನ ಮುಂದೆ ಬಹಳ ಗತ್ತಿನಿಂದ ಕೂತು ಏನೋ ಬರೆಯುತ್ತಿದ್ದಾನೆ. ಪರದೆಯ ಎಡ ಅಂಚಿನಿಂದ ಒಂದು ಮೇಕೆ ಮೆಲ್ಲಗೆ ಒಳಗೆ ಬಂತು. ಅವನು ಒಣಗಲು ಹಾಕಿದ್ದ ಸಮವಸ್ತ್ರದ ಪ್ಯಾಂಟನ್ನು ಹಗ್ಗದಿಂದ ಎಳೆದು, ನಿಂತಲ್ಲೇ ತಿನ್ನತೊಡಗಿತು. ಪುಟ್ಟಿ ಕಿಸಕ್ಕೆಂದಳು. ತಮ್ಮನೂ ಚಾಪೆ ಬಡಿಯುತ್ತಾ ನಕ್ಕ. ಟೈಲರಮ್ಮನ ಕಣ್ಣಲ್ಲೂ ನೀರು ಬಂತು. ಅದನ್ನು ಒರೆಸಿಕೊಳ್ಳುತ್ತಾ ಗಂಡನ ಕಡೆ ತಿರುಗಿದಳು.

ಅವನು ನಗುತ್ತಿರಲಿಲ್ಲ. ಪೊಲೀಸಿನವನನ್ನೇ ನೋಡುತ್ತಿದ್ದ.

ಯಾಕೆ ನಗುತ್ತಿದ್ದೀರಿ ಎಂದು ಕೇಳಿದ. ಮೇಕೆ ಮೇಕೆ ಎಂದಳು ಪುಟ್ಟಿ. ಎಲ್ಲಿ ಮೇಕೆ ಎಂದ ಅವನು. ಆಮೇಲೆ ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕಂಡ ಮೇಲೆ ಜೋರಾಗಿ ನಕ್ಕ. ಎಲ್ಲರ ನಗು ಮುಗಿದ ಮೇಲೆ ಬಂದ ನಗು ಅದು.

ದಣಿದಿರಬೇಕು ಎಂದುಕೊಂಡಳು ಟೈಲರಮ್ಮ. ಆದರೆ ಮನಸ್ಸು ಅಲ್ಲಿಗೆ ನಿಲ್ಲಲಿಲ್ಲ. ಪರದೆ ಬಿಟ್ಟು ಗಂಡನ ಮುಖವನ್ನೇ ನೋಡುತ್ತಾ ಕೂತಳು. ಪರದೆಯ ಬಲಗಡೆಯಿಂದ ಒಬ್ಬ ಕಳ್ಳ ಇಣುಕಿದಾಗಲೂ ಅವನಿಗೆ ಗೊತ್ತಾಗಲಿಲ್ಲ. ನಡುವೆ ನಡೆದದ್ದಕ್ಕೆ ಮಾತ್ರ ನಗುತ್ತಿದ್ದ. ಅವಳು ನಿಧಾನವಾಗಿ ತನ್ನ ಅಂಗೈಯನ್ನು ಅವನ ಕಿವಿಯ ಪಕ್ಕದಿಂದ ಮುಂದಕ್ಕೆ ತಂದಳು. ಕೆನ್ನೆ ದಾಟಿತು, ರೆಪ್ಪೆ ಅಲುಗಲಿಲ್ಲ. ಇನ್ನೂ ಮುಂದೆ ತಂದು ಬೆರಳು ಆಡಿಸಿದಳು. ಅವನು ಪಿಕ್ಚರ್ ನೋಡುತ್ತಲೇ ಇದ್ದ. ಕೈ ಹೆಚ್ಚುಕಡಿಮೆ ಮೂಗಿನ ಮುಂದೆ ಬಂದಾಗ ಬೆಚ್ಚಿ, ಏನೇ ಇದು, ಸೊಳ್ಳೆಯಾ ಎಂದ.

ಹೌದು ಎಂದಳು.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಟಾಕೀಸಿನಲ್ಲಿ ಮುಂದಿನ ಸಾಲು ಬೇಕೆಂದು ಹಟ ಮಾಡುತ್ತಿದ್ದವನು ಈಗೀಗ ಕಟ್ಟಕಡೆಯ ಸಾಲು ಕೇಳುತ್ತಿದ್ದ. ಕುತ್ತಿಗೆ ನೋವು ಎನ್ನುತ್ತಿದ್ದ. ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡು ಮನೆ ಕಟ್ಟಿದವನನ್ನು ಬಯ್ಯುತ್ತಿದ್ದ. ಪಕ್ಕದಲ್ಲಿಟ್ಟ ನೀರಿನ ಚೊಂಬನ್ನು ಒದೆಯುತ್ತಿದ್ದ. ವ್ಯಾನಿನ ಎಡಗಡೆ ಒಂದು ನೆಗ್ಗು ಬಿದ್ದಿತ್ತು. ನಿಲ್ಲಿಸಿದ್ದಾಗ ಯಾರೋ ಗುದ್ದಿಕೊಂಡು ಹೋದರು ಎಂದಿದ್ದ. ಅವಳೂ ಆ ಯಾರನ್ನೋ ಮನಸಾರೆ ಶಪಿಸಿದ್ದಳು.

ಮರುದಿನ ಬೆಳಗ್ಗೆ ಅವನು ವ್ಯಾನಿನ ಮಕ್ಕಳನ್ನೆಲ್ಲ ಕರೆದುಕೊಂಡು ಟಾಕೀಸಿಗೆ ಹೋಗುವವನಿದ್ದ. ಪ್ರತಿ ರಜೆಯಲ್ಲೂ ಅವನು ಮಕ್ಕಳಿಗೆ ಕೊಡುತ್ತಿದ್ದ ಉಡುಗೊರೆ ಅದು.

ಊಟವಾದ ಮೇಲೆ, ತಮ್ಮ ಹೋದ ಮೇಲೆ, ಕಣ್ಣು ತೋರಿಸಿಕೊಂಡು ಬರೋಣ ಎಂದು ಮೆಲ್ಲಗೆ ಮಾತು ತೆಗೆದಳು. ಅವನು ಮೊದಲು ನಕ್ಕು ಹಾರಿಸಿದ. ದೂರದ ಬೋರ್ಡಿನ ಅಕ್ಷರ ನಿನಗಿಂತ ಚೆನ್ನಾಗಿ ಓದುತ್ತೇನೆ ಎಂದ. ಅದು ನಿಜವೇ ಆಗಿತ್ತು. ಅವಳು ಬಿಡದೆ ಕೇಳಿದಾಗ ಮುಖ ಗಂಟು ಹಾಕಿಕೊಂಡು, ಉಡುಗೊರೆ ಕೊಟ್ಟು ಪರೀಕ್ಷೆ ಮಾಡುತ್ತೀಯಾ ಎಂದು ರೇಗಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಅವನು ಹಾಗೆ ರೇಗುವವನಲ್ಲ. ಅವಳು ಎದ್ದು ಕೂತು ಯೋಚಿಸಿದಳು. ವ್ಯಾನಿನ ಕೀ ಬಚ್ಚಿಡಲೇ? ತನ್ನದೇ ತಪ್ಪಾಗಿದ್ದರೆ? ತಪ್ಪಲ್ಲದಿದ್ದರೆ ಇಷ್ಟು ದಿನ ಆ ಮಕ್ಕಳು ಯಾರ ಪುಣ್ಯದಿಂದ ಮನೆ ಸೇರುತ್ತಿದ್ದರು? ಕಣ್ಣು ಮುಚ್ಚಿದರೆ ಸಾಕು, ರಸ್ತೆಯ ಅಂಚಿನಲ್ಲಿ ನಿಂತ ಮಕ್ಕಳೇ ಕಾಣುತ್ತಿದ್ದರು.

ಬೆಳಗ್ಗೆ ಅವನು ವ್ಯಾನು ತೆಗೆಯುವಾಗ ಅವಳೂ ಹೋಗಿ ಮುಂದಿನ ಸೀಟಿನಲ್ಲಿ, ಅವನ ಎಡಕ್ಕೆ ಕೂತಳು. ನಾನೂ ಪಿಕ್ಚರ್ ನೋಡಬೇಕು ಎಂದಳು. ಅವನು ನಿನ್ನೆಯ ಕೋಪ ಮರೆತು, ಬಾ ಬಾ, ಮಕ್ಕಳನ್ನು ಹಿಡಿಯಲು ಒಬ್ಬರು ಬೇಕೇ ಬೇಕು ಎಂದು ಸಲೀಸಾಗಿ ಹೊರಟ.

ಅವನು ಮೆಲ್ಲಗೇ ಓಡಿಸುತ್ತಿದ್ದ. ಎದುರಿಗೆ ಬಂದ ಬಸ್ಸಿಗೆ ಸರಿಯಾಗಿ ದಾರಿ ಬಿಟ್ಟ. ಕೆಂಪು ದೀಪಕ್ಕೆ ನಿಂತ. ತಿರುವಿನಲ್ಲಿ ಹಾರನ್ ಮಾಡಿದ. ಅವಳು ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಆದರೂ ದಾರಿ ಸಾಗುತ್ತಾ ಹೋದಂತೆ ತನ್ನದೇ ಭ್ರಮೆ ಇರಬಹುದೆಂಬ ಆಸೆ ಚಿಗುರತೊಡಗಿತು. ಮೊದಲು ಹತ್ತಿಸಿಕೊಳ್ಳಬೇಕಾದದ್ದು ದಿನಸಿ ಅಂಗಡಿಯವರ ಮಗಳನ್ನು. ಹಲ್ಲು ಬಿದ್ದ ಬಾಯಿ, ಕೆಂಪು ಸ್ವೆಟರು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದಳು. ವ್ಯಾನು ಕಂಡದ್ದೇ ಎದ್ದಳು. ಕೈ ಬೀಸುತ್ತಾ ಎಡಗಡೆಯಿಂದ ರಸ್ತೆಗೆ ಓಡಿಬಂದಳು.

ಟೈಲರಮ್ಮ ಗಂಡನ ಕಾಲು ನೋಡಿದಳು. ಅದು ಬ್ರೇಕಿನ ಮೇಲೆ ಹೋಗಲಿಲ್ಲ. ಅವನು ಮುಂದೆ ನೋಡುತ್ತಾ, ಅಂಗಡಿ ಬಂತು, ಹುಡುಗಿ ಎಲ್ಲಿ ಎಂದು ಕೇಳುತ್ತಿದ್ದ.

ಕೂಗಿ ಹೇಳಲು ಹೊತ್ತಿರಲಿಲ್ಲ. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಹಿಡಿದು ಮೈಭಾರವೆಲ್ಲ ಹಾಕಿ ಎಳೆದಳು. ವ್ಯಾನು ಕಿರುಚಿಕೊಂಡು, ಮುಗ್ಗರಿಸಿ, ಆಫ್ ಆಗಿ ನಿಂತಿತು. ಅವಳ ಹಣೆ ಮುಂದಿನ ಗಾಜಿಗೆ ಬಡಿಯಿತು. ನೋವು ಗೊತ್ತಾಗಲಿಲ್ಲ. ಹುಡುಗಿ ಕಾಣುತ್ತಿರಲಿಲ್ಲ. ಕೆಂಪು ಸ್ವೆಟರು ಎಲ್ಲೂ ಇರಲಿಲ್ಲ.

ಆಮೇಲೆ ವ್ಯಾನಿನ ಮೂತಿಗೆ ಯಾರೋ ಅಂಗೈಯಿಂದ ದಬದಬ ಬಡಿದರು. ಹುಡುಗಿ ಅಲ್ಲಿಂದ ಪಕ್ಕದ ಕಿಟಕಿಗೆ ಬಂದು ತುದಿಗಾಲಲ್ಲಿ ನಿಂತಳು. ಅವಳಿಗೆ ಇದೆಲ್ಲ ಆಟ.

"ಪಿಕ್ಚರ್ ಮಾಮ, ನಾನು ನಿಮಗೆ ಕಾಣಿಸ್ಲೇ ಇಲ್ವಾ?"

ಸ್ಟೀರಿಂಗ್ ಹಿಡಿದ ಕೈ ಬಿಡಿಸಲು ಅವನಿಗೇ ಆಗುತ್ತಿರಲಿಲ್ಲ.

"ಎಲ್ಲಿಂದ ಬಂದ್ಳು ಅವಳು?" ಎಂದು ಹೆಂಡತಿಯನ್ನು ಕೇಳಿದ.

"ಮೆಟ್ಟಿಲಿಂದ ಓಡಿ ಬರ್ತಿದ್ಲು ರೀ. ಕೈ ಬೀಸ್ತಾ."

"ಕೈ ಬೀಸ್ತಿದ್ಲಾ?"

"ಹೂಂ."

ಅವನು ಕೀ ತೆಗೆದು ಅವಳ ಮಡಿಲಿಗೆ ಹಾಕಿದ.

"ಏನೋ ಸರಿಯಿಲ್ಲ ಅಂತ ಅನಿಸ್ತಿತ್ತು ಕಣೇ. ಡಾಕ್ಟ್ರು ಏನಂತಾರೋ ಅಂತ ಹೆದರ್ಕೊಂಡು ಸುಮ್ನಿದ್ದೆ. ಈ ಕೈಯಿಂದ ಸ್ಟೀರಿಂಗ್ ಹೋದ್ರೆ ನಾನು ಯಾರು?"

ಅವಳು ಇಳಿದು ಹೋಗಿ ಹುಡುಗಿಯನ್ನು ಎತ್ತಿಕೊಂಡಳು. ಎತ್ತಿಕೊಳ್ಳುವ ವಯಸ್ಸು ಮೀರಿದ ಹುಡುಗಿ ನಾಚಿ ಕೊಸರಾಡಿದರೂ ಕೆಳಗಿಳಿಸಲಿಲ್ಲ.

ಅಂದು ಪಿಕ್ಚರಿಗೆ ಯಾರೂ ಹೋಗಲಿಲ್ಲ. ಗಂಡ ಹೆಂಡತಿ ಇಬ್ಬರೂ ನಡೆದುಕೊಂಡೇ ಒಂದೊಂದು ಮಗುವಿನ ಮನೆಗೂ ಹೋದರು. ತಾನು ಹೇಳುತ್ತೇನೆ ಎಂದಳು ಅವಳು. ಬೇಡ, ಇದು ನನ್ನ ಬಾಯಿಂದಲೇ ಬರಬೇಕು ಎಂದ ಅವನು. ನನಗೆ ಪಕ್ಕದಲ್ಲಿರುವುದು ಕಾಣುತ್ತಿಲ್ಲ, ಇನ್ನು ನಾನು ವ್ಯಾನು ಓಡಿಸುವುದಿಲ್ಲ ಎಂದು ಪ್ರತಿ ಬಾಗಿಲಲ್ಲೂ ಒಂದೇ ಮಾತು. ಕೆಲವರು ಒಳಗೆ ಕರೆದು ಕೂರಿಸಿದರು. ದಿನಸಿ ಅಂಗಡಿಯವರು ಮಾತ್ರ ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಅವನು ತಲೆ ತಗ್ಗಿಸಿದ. ಅವರು ಮಗಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಅವರ ಮೇಲೆ ಟೈಲರಮ್ಮನಿಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದಿದ್ದರೆ ಇನ್ನೂ ಏನೇನು ಅನ್ನುತ್ತಿದ್ದಳೋ.

ಕಣ್ಣಿನ ಆಸ್ಪತ್ರೆಯಲ್ಲಿ ಅವನನ್ನು ಒಂದು ಕತ್ತಲೆ ಕೋಣೆಗೆ ಕರೆದೊಯ್ದರು. ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತಾ, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ಟೈಲರಮ್ಮನಿಗೆ ಮೂಲೆಯಲ್ಲಿ ಒಂದು ಸ್ಟೂಲು ಕೊಟ್ಟರು. ಯಂತ್ರ ಗುಂಯ್ ಎನ್ನುವುದು ಕೇಳುತ್ತಿತ್ತು. ಗುಂಡಿ ಟಿಕ್ ಎಂದಿತು. ಮತ್ತೊಮ್ಮೆ ಟಿಕ್. ಆಮೇಲೆ ಗುಂಯ್ ಎನ್ನುತ್ತಲೇ ಇತ್ತು, ಗುಂಡಿಯ ಸದ್ದಿಲ್ಲ. ಒತ್ತಿ ರೀ, ಒತ್ತಿ ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು. ಅವನು ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು, ಬಾರದ ಬೆಳಕಿಗೆ ಕಾಯುತ್ತಾ ಬಹಳ ಶ್ರದ್ಧೆಯಿಂದ ಕೂತಿದ್ದ. ಆ ಬೆನ್ನು ನೋಡಲಾರದೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ. ನೋಟ ಅಂಚಿನಿಂದ ಮುಚ್ಚುತ್ತಾ ಬರುತ್ತದೆ, ನಡುವೆ ಸ್ಪಷ್ಟವಾಗಿಯೇ ಇರುವುದರಿಂದ ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ.

"ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು, ಔಷಧಿ ಒಂದು ದಿನಾನೂ ತಪ್ಪಿಸ್ಬಾರ್ದು. ಗಾಡಿ ಮಾತ್ರ ಇನ್ನು ಮುಟ್ಬೇಡಿ."

ಪಿಕ್ಚರ್ ಮಾಮ ಒಂದೇ ಪ್ರಶ್ನೆ ಕೇಳಿದ: ಸಿನಿಮಾ ನೋಡಬಹುದಾ? ದೂರ ಕೂತು ಧಾರಾಳವಾಗಿ ನೋಡಿ ಎಂದರು ಡಾಕ್ಟರಮ್ಮ. ಆಮೇಲೆ ಟೈಲರಮ್ಮನ ಕಡೆ ತಿರುಗಿ, ಇದು ವಂಶದಲ್ಲಿ ಹರಿದು ಬರಬಹುದಾದ ಕಾಯಿಲೆ, ಮಕ್ಕಳಿದ್ದರೆ ಅವರ ಕಣ್ಣನ್ನೂ ತೋರಿಸಬೇಕು ಎಂದರು.

ಟೈಲರಮ್ಮ ಕುರ್ಚಿಯಿಂದ ಏಳುವ ಮೊದಲೇ ಪುಟ್ಟಿಯ ಕಣ್ಣು ತೋರಿಸಲೂ ಒಂದು ದಿನ ಗೊತ್ತು ಮಾಡಿಕೊಂಡಳು.

ವ್ಯಾನನ್ನು ಈಗ ಟೈಲರಮ್ಮನ ತಮ್ಮ ಓಡಿಸುತ್ತಾನೆ. ಪಿಕ್ಚರ್ ಮಾಮ ಹಿಂದೆ ಮಕ್ಕಳ ನಡುವೆ ಕೂರುತ್ತಾನೆ. ಮೊದಲೆರಡು ವಾರ ಬಾಯಿ ಬಿಡಲಿಲ್ಲವಂತೆ. ಮಕ್ಕಳು ಪೀಡಿಸಿ ಪೀಡಿಸಿ ಮತ್ತೆ ಕತೆ ಶುರು ಮಾಡಿಸಿದರು. ದಿನಸಿ ಅಂಗಡಿಯ ಹುಡುಗಿ ಮಾತ್ರ ಬೇರೆ ವ್ಯಾನಿನಲ್ಲಿ ಹೋಗುತ್ತಾಳೆ.

ಪುಟ್ಟಿಯ ಕಣ್ಣಿನ ಪರೀಕ್ಷೆ ಆದ ದಿನ ಅಪ್ಪ, ಅಮ್ಮ ಇಬ್ಬರೂ ಜೊತೆಗೆ ಹೋಗಿದ್ದರು. ಸದ್ಯಕ್ಕೆ ಏನೂ ತೊಂದರೆಯಿಲ್ಲ, ವರ್ಷ ವರ್ಷ ಕರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಪುಟ್ಟಿ ಮೆಟ್ಟಿಲನ್ನು ಎರಡೆರಡೇ ಹಾರುತ್ತಾ ಮುಂದೆ ಓಡಿದಳು. ಟೈಲರಮ್ಮನ ಕಿವಿಯಲ್ಲಿ ‘ಸದ್ಯಕ್ಕೆ’ ಎಂಬ ಒಂದೇ ಮಾತು ಉಳಿದಿತ್ತು. ಗಂಡನ ತೋಳು ಹಿಡಿದುಕೊಂಡು ಇಳಿಯುತ್ತಿದ್ದಳು. ಪಕ್ಕದಿಂದ ಯಾರಾದರೂ ಬಂದರೆ ತೋಳು ಒತ್ತಿ ತಿಳಿಸುತ್ತಿದ್ದಳು. ಇಬ್ಬರೂ ಮಗಳ ಹಿಂದೆ ಬಸ್ ನಿಲ್ದಾಣದ ಕಡೆ ನಡೆದರು.