ಮುನಿತಾಯಮ್ಮ ಆರಿಸಿದ ಗಂಡು ಬಾತು

ನನ್ನ ಬಾಯಿ ಜೋರು ಅಂತ ಶ್ರೀಗಂಧದ ಕಾವಲಿನಲ್ಲಿ ಎಲ್ಲರಿಗೂ ಗೊತ್ತು. ಮುನಿತಾಯಮ್ಮ ಅಂದರೆ ಸಾಕು, ಸೈಟು ಅಳೆಯಲು ಬಂದವರೂ ಗೇಟಿನಾಚೆಯೇ ನಿಲ್ಲುತ್ತಿದ್ದರು. ಹೊಲವೆಲ್ಲ ಬಡಾವಣೆಯಾದ ಮೇಲೆ ನಮ್ಮ ಹಿತ್ತಲಲ್ಲಿ ಉಳಿದದ್ದು ಒಂದು ನೀರಿನ ತೊಟ್ಟಿ, ನಾಲ್ಕು ಹೆಬ್ಬಾತು. ಮೂರು ಹೆಣ್ಣು, ಒಂದು ಗಂಡು. ಆ ಗಂಡನ್ನು ಆರಿಸಿ ತಂದವಳು ನಾನೇ. ಗುಂಪಿನಲ್ಲೆಲ್ಲ ಅದೇ ದಪ್ಪಗಿತ್ತು, ಕೂಗಿದರೆ ಮೂರನೇ ಕ್ರಾಸಿಗೆ ಕೇಳುತ್ತಿತ್ತು. ಗಂಡು ಅಂದರೆ ಹೀಗಿರಬೇಕು ಅಂತ ಬೀಗಿದ್ದೆ.

ಅವನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ ಕೋಕಿಲಾ. ಎರಡು ವರ್ಷ ಮೊಟ್ಟೆಗೆ ಕಾವು ಕೂತವು, ಒಂದೂ ಮರಿಯಾಗಲಿಲ್ಲ. ಹೆಣ್ಣುಗಳೇ ಗೊಡ್ಡು ಅಂತ ಎರಡನ್ನು ಮಾಂಸದಂಗಡಿಗೆ ಕೊಡಹೊರಟೆ. ಕೋಕಿಲಾ ಬೇಡ ಅಂತ ಅಡ್ಡ ಬಂದಳು. ಅವಳಿಗೂ ಮದುವೆಯಾಗಿ ಆರು ವರ್ಷ, ಮಡಿಲು ತುಂಬಿರಲಿಲ್ಲ. ಅದಕ್ಕೇ ನಿನಗೆ ಅವುಗಳ ಮೇಲೆ ಮರುಕ ಅಂದುಬಿಟ್ಟೆ. ಮಗ ಕಿಟ್ಟಿ ಅಲ್ಲೇ ಕೂತು ಪೇಪರ್ ಓದುತ್ತಿದ್ದ, ತಲೆ ಎತ್ತಲಿಲ್ಲ. ಮರುವಾರ ಅವಳು ಅತ್ತಿಗುಪ್ಪೆಯ ತಾಯಿಮನೆಗೆ ಹೋದಳು. ಹೋದಳು ಅನ್ನುವುದು ಸುಳ್ಳು. ನಾನೇ ಕಳಿಸಿದೆ. ಆ ಎರಡು ಬಾತನ್ನೂ ಮಾಂಸದಂಗಡಿಗೆ ಕೊಟ್ಟೆ, ಕಿಟ್ಟಿಗೆ ಬೇರೆ ಹೆಣ್ಣು ಹುಡುಕತೊಡಗಿದೆ.

ಅದು ಎರಡು ಸಾವಿರದ ಆರನೇ ಇಸವಿ. ಆ ಕಾರ್ತೀಕದಲ್ಲಿ, ಕೆಂಗೇರಿಯಲ್ಲಿ ಬಾತು ಸಾಕುವ ಲಿಂಗಪ್ಪನನ್ನು ಕರೆಸಿ, ಮರಿ ಮಾಡುವಂಥ ಎರಡು ಹೆಣ್ಣು ಕೊಡು ಅಂದೆ. ಅವನು ಹೆಣ್ಣಿನ ಮಾತೇ ಎತ್ತಲಿಲ್ಲ. ನಮ್ಮ ಗಂಡನ್ನು ಎತ್ತಿ ತೂಗಿ, ಕಾಲು ಹಿಡಿದು ನೋಡಿ, ನೆಲಕ್ಕೆ ಬಿಟ್ಟು ನಡೆಸಿದ.

"ತಪ್ಪು ಹೆಣ್ಣಿಂದಲ್ಲ ಕಣಮ್ಮ. ಇದು ಬರೀ ಮೈ ಬೆಳೆಸ್ಕೊಂಡಿದೆ. ಇದ್ರಿಂದ ಏನೂ ಆಗಲ್ಲ."

ನಾಲ್ಕು ದಿನ ಬಿಟ್ಟು ಅವನೇ ಬೇರೊಂದು ಗಂಡು ತಂದ. ಸಣಕಲು ಮೈ, ನೆಟ್ಟಗಿನ ಕಾಲು, ದನಿಯೂ ಅಷ್ಟಕ್ಕಷ್ಟೆ. ಇದೆಂಥ ಬಡಕಲು ಅಂತ ಗೊಣಗಿದೆ. ಸಂಕ್ರಾಂತಿ ಕಳೆದ ಮೇಲೆ, ಉಳಿದಿದ್ದ ಆ ಒಂದೇ ಹಳೇ ಹೆಣ್ಣು ಒಂಬತ್ತು ಮೊಟ್ಟೆಗೆ ಕಾವು ಕೂತಿತು. ಏಳು ಮರಿ ಬಂದವು.

ಮರಿಗಳು ತೊಟ್ಟಿಯ ಸುತ್ತ ಓಡಾಡುವುದನ್ನು ನೋಡುತ್ತಾ ಒಗೆಯುವ ಕಲ್ಲಿನ ಮೇಲೆ ಕೂತೆ. ಕೋಕಿಲಾಳ ತಾಯಿ ಹಿಂದೊಮ್ಮೆ, ಕಿಟ್ಟಿಯನ್ನೂ ಡಾಕ್ಟರಿಗೆ ತೋರಿಸೋಣ ಅಂದಿದ್ದಳು. ನನ್ನ ಮಗ ಆರಡಿ ಆಳು, ಅವನಿಗೇನಾಗಿದೆ ಅಂತ ಆಕೆಯ ಬಾಯಿ ಮುಚ್ಚಿಸಿದ್ದೆ. ಈಗ ಅದು ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾರನೇ ದಿನವೇ ಅತ್ತಿಗುಪ್ಪೆಗೆ ಹೋದೆ. ಕೋಕಿಲಾ ಗಾರ್ಮೆಂಟ್ಸ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ತುಂಬಾ ಇಳಿದುಹೋಗಿದ್ದಳು. ಕಿಟ್ಟಿಗೆ ಟೆಸ್ಟ್ ಮಾಡಿಸುತ್ತೇನೆ, ಬೇರೆ ಹೆಣ್ಣಿನ ಮಾತು ಬಿಟ್ಟೆ, ಮನೆಗೆ ಬಾ ಅಂತ ಬಾಗಿಲಲ್ಲೇ ನಿಂತು ಬೇಡಿಕೊಂಡೆ.

"ಟೆಸ್ಟ್ ಆಗಿದೆ ಅತ್ತೆ," ಅಂದಳು. "ನಾಲ್ಕು ವರ್ಷ ಆಯ್ತು. ರಿಪೋರ್ಟ್ ತಂದಿದ್ದೇ ನಾನು. ಅಮ್ಮಂಗೆ ಮಾತ್ರ ಹೇಳ್ಬೇಡ ಅಂತ ಅವ್ರು ನನ್ ಕಾಲ್ ಹಿಡ್ಕೊಂಡ್ರು."

ನನ್ನಿಂದ ಅಷ್ಟೆಲ್ಲ ಮಾತು ಕೇಳಿಸಿಕೊಂಡೂ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ.

"ಹೇಳಿದ್ರೆ ನಂಬ್ತಿದ್ರಾ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಇಲ್ಲ ಅಂದೆ. ಅವಳು ಸಿಟ್ಟಿಲ್ಲದೆ, ಬರುವುದಿಲ್ಲ ಅಂದಳು. ಒಳಗೆ ಬಂದು ಕಾಫಿ ಕುಡಿದು ಹೋಗಿ ಅಂತಲೂ ಕರೆದಳು. ಆ ಹೊಸಿಲು ದಾಟಲು ನನಗೆ ಮುಖವಿರಲಿಲ್ಲ.