ಗಂಡಸರ ಸಾಲಿನ ಮೂಗ

"ಆ ಮೂಗನ್ನ ನೋಡ್ರೇ, ಮುಂಡೇರಾ! ಮಾತಿಲ್ಲ ಕತೆಯಿಲ್ಲ, ನೀವು ಒಂದು ಸಾಲು ಕುಯ್ಯೋದ್ರೊಳಗೆ ಎರಡು ಸಾಲು ಕುಯ್ದು ಬಿಸಾಕ್ತಾನೆ. ಗಂಡ್ಸಿಗೆ ಗಂಟೆಗೆ ನಾಕು ಡಾಲರ್ ಜಾಸ್ತಿ ಯಾಕೆ ಅಂತ ಬಾಯಿ ಬಡ್ಕೋತೀರಲ್ಲ, ಅದಕ್ಕೇ!"

ಹೀಗೆ ಕೂಗಾಡುತ್ತಿದ್ದ ಮೇಸ್ತ್ರಿ ರುಟಿಲಿಯೊ, ಸಲಿನಾಸ್ ಊರಿನ ನಮ್ಮ ಹೊಲಕ್ಕೆ ಬಂದು ಹದಿನೈದು ದಿನವಾಗಿತ್ತು. ನಾವು ಹೆಂಗಸರು ಬಗ್ಗಿದ ಬೆನ್ನು ಎತ್ತಲಿಲ್ಲ. ಎತ್ತಿದ್ದರೆ ನಗು ತಡೆಯಲಾಗುತ್ತಿರಲಿಲ್ಲ. ಅವನು ಹೊಗಳುತ್ತಿದ್ದ ಮೂಗ ನಮ್ಮ ಡೆಲ್ಫಿನಾ. ಗಂಡ ಹೆರ್ಮಿನಿಯೊ ಸೊಂಟ ಹಿಡಿದು ಮಲಗಿದ ಮೇಲೆ, ಕಂಪನಿ ಗಂಡಸರಿಗೆ ಕೊಟ್ಟ ಹಳದಿ ಅಂಗಿ, ಅವನ ಟೋಪಿ ಹಾಕಿಕೊಂಡು ಆರು ದಿನದಿಂದ ಅವನ ಜಾಗದಲ್ಲಿ ನಿಂತಿದ್ದಳು. ದೂಳಿಗೂ ಔಷಧಿಗೂ ಹೆದರಿ ಎಲ್ಲರೂ ಕಣ್ಣೊಂದು ಬಿಟ್ಟು ಮುಖವೆಲ್ಲ ಬಟ್ಟೆ ಸುತ್ತುವ ಹೊಲ. ನಮ್ಮ ಮುಖ ಯಾರಿಗೆ ಬೇಕು! ಬಾಯಿ ಬಿಟ್ಟರೆ ಗುಟ್ಟು ರಟ್ಟಾಗುತ್ತದೆಂದು ಮೂಗಿಯಾದಳು, ಅಷ್ಟೆ.

ಅದೇ ಚೂರಿ, ಅದೇ ಲೆಟಿಸ್ ಸೊಪ್ಪು, ಅದೇ ಬೆನ್ನುನೋವು. ಕಾಗದದಲ್ಲಿ ಮಾತ್ರ ಗಂಡಸರು ಕೊಯ್ಯುವವರು, ನಾವು ಸಹಾಯಕರು. ಥೂ!

ಊಟದ ಹೊತ್ತಿಗೆ ರುಟಿಲಿಯೊ ಅವಳ ರಟ್ಟೆ ಹಿಡಿದು ನಮ್ಮ ಮುಂದೆ ಎಳೆದುತಂದ.

"ಕೈ ಎತ್ತೋ ಮೂಗ. ನೋಡ್ಕಳ್ರೇ, ಗಂಡ್ಸಿನ ಕೈ ಅಂದ್ರೆ ಇದು!"

ಡೆಲ್ಫಿನಾ ಕೈ ಎತ್ತಿದಳು. ಆಮೇಲೆ ಅದೇ ಕೈಯಿಂದ ಮುಖದ ಬಟ್ಟೆ ಬಿಚ್ಚಿದಳು.

"ಇದು ಮೂರು ಮಕ್ಕಳ ಕುಂಡೆ ತೊಳೆದಿರೋ ಕೈ, ಮೇಸ್ತ್ರೀ. ಗಂಡ ಸೊಂಟ ಹಿಡ್ದು ಮಲಗಿದಾನೆ, ಆರು ದಿನದಿಂದ ನಾನೇ ಕುಯ್ತಿರೋದು. ಈಗ್ಲಾದ್ರೂ ನಮ್ಮೆಲ್ಲರಿಗೂ ಆ ನಾಕು ಡಾಲರ್ ಕೊಡ್ಸಿ."

ಗಂಡಸರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ರುಟಿಲಿಯೊನ ಮುಖ ಸುಟ್ಟ ಬದನೆಕಾಯಿಯಾಯಿತು.

"ಕಳ್ಳ ಲೌಡಿ! ಆರು ದಿನ ಗಂಡ್ಸಿನ ಕೂಲಿ ಕದ್ದೆಯಲ್ಲೇ! ನಿನಗೂ ಕೆಲ್ಸ ಇಲ್ಲ, ನಿನ್ನ ಸೊಂಟಮುರುಕನಿಗೂ ಇಲ್ಲ. ಆ ಅಂಗಿ ಕಂಪನೀದು. ಬಿಚ್ಚು, ಇಲ್ಲೇ!"

ಅವಳು ಗುಂಡಿ ಬಿಚ್ಚಿದಳು. ಒಳಬನಿಯನ್ನಿನಲ್ಲಿ ಅಷ್ಟು ಜನರ ನಡುವೆ ಹೆದ್ದಾರಿಯವರೆಗೂ ನಡೆದುಹೋದಳು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಬಾಯಲ್ಲಿದ್ದ ತೋರ್ತಿಯಾ ರೊಟ್ಟಿ ಅಗಿದು ನುಂಗಿದೆ. ನನ್ನ ಜನ್ಮಕ್ಕಿಷ್ಟು!

ಸಂಜೆ ನನ್ನ ಗಂಡ ನಿಕಾನೋರ್, "ಅವಳು ಹಂಗೆ ಮಾಡ್ಬಾರ್ದಿತ್ತು ಕಣೆ" ಅಂದ.

"ನಕ್ಕೋನು ನೀನೇ ಅಲ್ವೇನೋ?"

ಅವನು ತಟ್ಟೆ ದೂಡಿದ. ಅನ್ನ, ಬೀನ್ಸ್ ಕಾಳು ಮುಟ್ಟಲಿಲ್ಲ. ಬೆಳಿಗ್ಗೆ ನಾನು ಕೇಳದೆಯೇ ತನ್ನ ಹಳದಿ ಅಂಗಿ ತಂದು ನನ್ನ ತೊಡೆಯ ಮೇಲಿಟ್ಟ.

ಆ ದಿನ ರುಟಿಲಿಯೊಗೆ ಎಲ್ಲರ ಮೇಲೂ ಗುಮಾನಿ. ಬೆಳಗಿನಿಂದ ಹೆಂಗಸರ ಸಾಲಿನ ಬೆನ್ನು ಬಿದ್ದಿದ್ದ. "ಏ ಹೂವಿನ ಬಟ್ಟೆಯೋಳೆ, ಬಸುರೀನೇನೇ? ಸೊಂಟ ಬಗ್ಗಿಸೇ! ನಿಂಗೆ ಕೊಡೋದೇ ದಂಡ!" ಆಮೇಲೆ ಗಂಡಸರನ್ನು ಸಾಲಾಗಿ ನಿಲ್ಲಿಸಿದ.

"ಬಿಚ್ರೋ ಮುಖ! ಯಾವನು ಗಂಡ್ಸು, ಯಾವಳು ಹೆಂಗ್ಸು ನೋಡ್ತೀನಿ."

ಒಬ್ಬೊಬ್ಬನ ಗದ್ದ ಹಿಡಿದು, ದನದ ಹಲ್ಲು ನೋಡುವಂತೆ ನೋಡುತ್ತ ಬಂದ. ಮೊಮ್ಮಕ್ಕಳಿದ್ದ ಗಂಡಸರು ನಾಚಿಕೆಯಿಂದ ನೆಲ ನೋಡಿದರು.

ನಾಲ್ಕನೆಯ ಟೋಪಿಯ ಕೆಳಗಿದ್ದವಳು ನಾನು. ಅವನ ಕೈ ತಾಗುವ ಮೊದಲೇ ಬಟ್ಟೆ ಬಿಚ್ಚಿದೆ.

"ಚೋನಾ! ನಿನ್ ಗಂಡ ಎಲ್ಲಿ ಸತ್ನೇ?"

ಚೂರಿ ಎತ್ತಿ ಹೆಂಗಸರ ಸಾಲಿನ ಕಡೆ ತೋರಿಸಿದೆ. ನನ್ನ ಹೂವಿನ ಬಟ್ಟೆ ಸುತ್ತಿಕೊಂಡಿದ್ದವನು ಬೆನ್ನು ನೆಟ್ಟಗೆ ಮಾಡಿ ಮುಖ ಬಿಚ್ಚಿದ. ನಿಕಾನೋರನ ಮೀಸೆ ಕಂಡಿತು.

"ಅವನೂ ಬೆಳಗ್ನಿಂದ ಕುಯ್ತಾ ಇದಾನೆ, ಮೇಸ್ತ್ರೀ. ನಾನೂ ಕುಯ್ತಾ ಇದೀನಿ. ಇವತ್ತು ನಾಕು ಡಾಲರ್ ಕಮ್ಮಿ ಯಾರಿಗೆ? ಹೇಳ್ರೀ!"

ರುಟಿಲಿಯೊ ಫೋನು ತೆಗೆದು, ಇನ್ನೊಂದು ಬಸ್ಸು ತುಂಬ ಆಳು ಕಳಿಸಿ ಎಂದು ಕಿರುಚತೊಡಗಿದ. ಎರಡೂ ಸಾಲಿನಲ್ಲಿ ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿ ಚೂರಿ ಕೆಳಗಿಟ್ಟರು.

ನನ್ನದನ್ನು ನಾನು ಇಡಲಿಲ್ಲ; ಆ ನಾಲ್ಕು ಡಾಲರಿನ ಉತ್ತರ ಬರುವವರೆಗೂ ಎತ್ತಿ ಹಿಡಿದೇ ನಿಂತೆ.